ಕೊಡಗಿನಲ್ಲಿ ಬಿಸಿಲಿದೆ, ಮನೆ ಮೇಲೆ ಸೋಲಾರ್ ಯಾಕಿಲ್ಲ?

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಹತ್ತಿರದ ಹಳ್ಳಿ. 8 ಎಕರೆ ರೋಬಸ್ಟಾ ತೋಟ, ಹಳೆ ಹೆಂಚಿನ ಮನೆ, ಪಕ್ಕದಲ್ಲಿ ಹೋಂಸ್ಟೇಗೆ ಅಂತ ಕಟ್ಟಿದ ಎರಡು ಕೋಣೆ. ಕೋಣೆಗಳಿಗೆ ಬೇರೆ ಮೀಟರ್ ಇದೆ. ಈಚೆಗೆ ಪಾವಗಡ ಕಡೆ ಹೋಗಿದ್ದೆ, ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಫಲಕಗಳು. ನಮ್ಮಲ್ಲೂ ಅಕ್ಟೋಬರ್‌ನಿಂದ ಮೇವರೆಗೆ ಒಳ್ಳೆ ಬಿಸಿಲಿದೆ. ಆದರೆ ಊರಿನಲ್ಲಿ ಹುಡುಕಿದರೆ ಒಂದೆರಡು ಮನೆ ಮೇಲೆ ಮಾತ್ರ ಫಲಕ ಕಾಣುತ್ತದೆ. ಏಜೆಂಟ್ ಬಂದು "ಬಿಲ್ ಸೊನ್ನೆ ಆಗುತ್ತೆ ಅಕ್ಕಾ" ಅನ್ನುತ್ತಾನೆ. ಮಾವ "ಕರೆಂಟೇ ಫ್ರೀ ಇರುವಾಗ ಅದ್ಯಾಕಮ್ಮ" ಅನ್ನುತ್ತಾರೆ. ಇದಕ್ಕೆ ಅಡ್ಡ ಬಂದಿರೋದು ಏನು? ನಾವು ಹಾಕಿಸಬೇಕಾ, ಬೇಡವಾ?

ಉತ್ತರ: ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಾವ ಹೇಳಿದ್ದು ಸುಮ್ನೆ ಹಳೇ ಕಾಲದವರ ಮಾತು ಅಂತ ತಳ್ಳಿಹಾಕುವಂಥದ್ದಲ್ಲ. ಈ ಇಡೀ ವಿಷಯದ ಗಂಟು ಅವರ ಆ ಮಾತಿನಲ್ಲೇ ಇದೆ.

ಬಿಸಿಲಿನ ಮಾತನ್ನು ಮೊದಲು ಮುಗಿಸೋಣ. ಕರ್ನಾಟಕದಲ್ಲಿ 1 ಕಿಲೋವ್ಯಾಟ್ ಫಲಕದಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ, ಅಂದರೆ ವರ್ಷಕ್ಕೆ 1,400ಕ್ಕಿಂತ ಜಾಸ್ತಿ. ಕೊಡಗಿನಲ್ಲಿ ಇದಕ್ಕಿಂತ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುತ್ತದೆ, ಭಾಗಮಂಡಲ, ಮಡಿಕೇರಿ ಕಡೆಯಂತೂ ಕೇಳೋದೇ ಬೇಡ. ಕುಶಾಲನಗರದ ಕಡೆ ಹೋದರೆ ಪರಿಸ್ಥಿತಿ ಬಹಳ ಉತ್ತಮ, ನಿಮ್ಮ ಪೊನ್ನಂಪೇಟೆ ಎರಡರ ನಡುವೆ ಬರುತ್ತದೆ. ಈಗ ಜರ್ಮನಿ ನೋಡಿ. ಅಲ್ಲಿ ಅದೇ 1 ಕಿಲೋವ್ಯಾಟ್ ಫಲಕ ವರ್ಷಕ್ಕೆ ಹೆಚ್ಚೆಂದರೆ 1,000 ಯೂನಿಟ್ ಆಸುಪಾಸು ಕೊಡುತ್ತದೆ. ಆದರೂ 2025ರ ಆರಂಭದ ಹೊತ್ತಿಗೆ ಜರ್ಮನಿಯ ಸೋಲಾರ್ ಸಾಮರ್ಥ್ಯ 100 ಗಿಗಾವ್ಯಾಟ್ ಮುಟ್ಟಿತು. ಹೆಚ್ಚು ಕಡಿಮೆ ಅದೇ ಸಮಯಕ್ಕೆ ಭಾರತವೂ 100 ಗಿಗಾವ್ಯಾಟ್ ದಾಟಿತು. ನಮ್ಮ ಜನಸಂಖ್ಯೆ ಅವರಿಗಿಂತ 17 ಪಟ್ಟು, ಬಿಸಿಲು ಒಂದೂವರೆ ಪಟ್ಟು. ಆಫ್ರಿಕಾ ಖಂಡದಲ್ಲಿ ಪ್ರಪಂಚದ ಅತ್ಯುತ್ತಮ ಸೋಲಾರ್ ಜಾಗಗಳ ಶೇ 60ರಷ್ಟು ಇವೆ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ಲೆಕ್ಕ ಕೊಟ್ಟಿತ್ತು. ಅಲ್ಲಿ ಆಗ ಇದ್ದ ಫಲಕಗಳು ಪ್ರಪಂಚದ ಒಟ್ಟಿನಲ್ಲಿ ಶೇ 1 ಮಾತ್ರ. ಹಾಗಾಗಿ ಬಿಸಿಲು ಜಾಸ್ತಿ ಇರೋ ಕಡೆ ಸೋಲಾರ್ ತಾನಾಗಿ ಬರುತ್ತದೆ ಅನ್ನೋ ಎಣಿಕೆ ಎಲ್ಲೂ ನಿಜ ಆಗಿಲ್ಲ.

ಹಾಗಾದರೆ ಅಡ್ಡ ಬರೋದು ಏನು? ಈ ಕೆಲಸದಲ್ಲಿ ಇಷ್ಟು ಕಾಲ ಇದ್ದು ನಾನು ಕಂಡುಕೊಂಡದ್ದು ಇಷ್ಟು: ದುಡ್ಡು ಹಾಕಬೇಕಾದವರು ಒಬ್ಬರು, ಉಳಿತಾಯ ಆಗೋದು ಇನ್ನೊಬ್ಬರಿಗೆ, ನಷ್ಟ ಆಗೋದು ಮತ್ತೊಬ್ಬರಿಗೆ. ಈ ಮೂರೂ ಜನರ ಲೆಕ್ಕ ಒಂದೇ ಕಡೆ ಕೂಡಿ ಬರುವವರೆಗೆ ಎಷ್ಟೇ ಸಬ್ಸಿಡಿ ಘೋಷಣೆ ಆದರೂ ಫಲಕ ಮನೆ ಮೇಲೆ ಹತ್ತೋದಿಲ್ಲ.

ನಿಮ್ಮ ದೊಡ್ಡ ಮನೆಯನ್ನೇ ತಗೊಳ್ಳಿ. 2023ರ ಜುಲೈಯಿಂದ ರಾಜ್ಯದಲ್ಲಿ ಗೃಹಜ್ಯೋತಿ ಇದೆ. 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10, ಒಟ್ಟು 200 ಯೂನಿಟ್ ಮೀರದಿದ್ದರೆ ಬಿಲ್ ಸೊನ್ನೆ. ಕೊಡಗಿನ ಹಳ್ಳಿ ಮನೆಯಲ್ಲಿ ಫ್ಯಾನ್ ಬಳಕೆಯೇ ಕಡಿಮೆ, ಎಸಿ ಇರೋದು ಅಪರೂಪ, ಬಿಸಿನೀರಿಗೆ ಹಂಡೆ ಇದೆ, ತೋಟದ ಸೌದೆ ಇದೆ. ತಿಂಗಳಿಗೆ 80-100 ಯೂನಿಟ್ ದಾಟದ ಮನೆಗಳೇ ಜಾಸ್ತಿ. ಅಂಥ ಮನೆಯವರು 2 ಕಿಲೋವ್ಯಾಟ್ ಹಾಕಿಸಲು ಸುಮಾರು 1.3 ಲಕ್ಷ ರೂಪಾಯಿ ಹೊಂದಿಸಬೇಕು. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 60,000 ವಾಪಸ್ ಬರುತ್ತದೆ. ಉಳಿದ 70,000 ಕೈಯಿಂದ. ಇಷ್ಟು ಹಾಕಿದ ಮೇಲೆ ತಿಂಗಳಿಗೆ ಅವರಿಗೆ ಉಳಿಯೋದು ಎಷ್ಟು? ಏನೂ ಇಲ್ಲ, ಯಾಕೆಂದರೆ ಮೊದಲೇ ಸೊನ್ನೆ ಕಟ್ಟುತ್ತಿದ್ದರು. ಉಳಿಯೋದು ರಾಜ್ಯ ಸರ್ಕಾರಕ್ಕೆ, ಅವರ ಪರವಾಗಿ ಎಸ್ಕಾಂಗೆ (ವಿದ್ಯುತ್ ವಿತರಣಾ ನಿಗಮಕ್ಕೆ) ದುಡ್ಡು ಕಟ್ಟುತ್ತಿರೋದು ಸರ್ಕಾರ ತಾನೆ.

ಗೃಹಜ್ಯೋತಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಲೈನ್‌ಮನೆಯಲ್ಲಿರೋ ಕೂಲಿ ಕುಟುಂಬಕ್ಕೆ ತಿಂಗಳಿಗೆ ನಾನೂರೈನೂರು ಉಳಿದರೆ ಅದು ದೊಡ್ಡ ವಿಷಯ, ಅದನ್ನು ಕಿತ್ತುಕೊಳ್ಳಿ ಅನ್ನೋ ಯಾವ ಸಲಹೆಗೂ ನಾನು ಒಪ್ಪೋದಿಲ್ಲ. ಆದರೆ ಇನ್ನೊಂದು ದಾರಿ ಇತ್ತು. ಒಂದು ಮನೆಗೆ ಸರ್ಕಾರ ಹತ್ತು ವರ್ಷದಲ್ಲಿ ಕಟ್ಟುವ ಬಿಲ್ಲಿನ ಮೊತ್ತದಲ್ಲಿ ಆ ಮನೆಗೆ ಫಲಕವನ್ನೇ ಹಾಕಿಸಿಕೊಡಬಹುದು, ಆಮೇಲಿನ ಹದಿನೈದು ವರ್ಷ ಸರ್ಕಾರದ ಹೊರೆಯೂ ಇಳಿಯುತ್ತದೆ. ಉತ್ತರ ಪ್ರದೇಶ ಕೇಂದ್ರದ ಸಬ್ಸಿಡಿ ಮೇಲೆ ತನ್ನದೂ 30,000ದವರೆಗೆ ಸೇರಿಸುತ್ತದೆ. ಇಲ್ಲಿ ಅದು ಯಾಕೆ ಆಗೋದಿಲ್ಲ ಅಂದರೆ, ತಿಂಗಳು ತಿಂಗಳು ಸೊನ್ನೆ ಬಿಲ್ ಬಂದರೆ ಅದು ಮತದಾರರ ಕಣ್ಣಿಗೆ ಕಾಣುತ್ತದೆ. ಫಲಕಕ್ಕೆ ದುಡ್ಡು ಹಾಕಬೇಕಾದ್ದು ಈ ಸರ್ಕಾರ, ಲಾಭ ಸಿಗೋದು ಎರಡು ಚುನಾವಣೆ ಆದ ಮೇಲೆ ಬರೋ ಸರ್ಕಾರಕ್ಕೆ. ಯಾವ ಪಕ್ಷ ಆದರೂ ಇದೇ ಕಥೆ. ಪಂಪ್‌ಸೆಟ್‌ಗಳಿಗೆ 10 ಎಚ್‌ಪಿವರೆಗೆ ಉಚಿತ ಕರೆಂಟ್ 2008ರಲ್ಲಿ ಬಂತು, ಅಂದಿನಿಂದ ಎಷ್ಟು ಸರ್ಕಾರ ಬದಲಾದವು, ಅದನ್ನು ಯಾರೂ ಮುಟ್ಟಿಲ್ಲ.

ಪಕ್ಕದ ಕೇರಳವನ್ನು ನೋಡಿದರೆ ಇದು ಇನ್ನೂ ಸ್ಪಷ್ಟ ಆಗುತ್ತದೆ. ಕುಟ್ಟ ದಾಟಿದರೆ ವಯನಾಡು, ಮಾಕುಟ್ಟ ಇಳಿದರೆ ಇರಿಟ್ಟಿ. ಅದೇ ಮಳೆ, ಅದೇ ಮರ, ಅದೇ ಮೋಡ. ಆದರೆ ಮನೆ ಮೇಲಿನ ಸೋಲಾರ್‌ನಲ್ಲಿ ಕೇರಳ ದೇಶದ ಮುಂಚೂಣಿ ರಾಜ್ಯಗಳಲ್ಲೊಂದು. ಅಲ್ಲಿ ಮಧ್ಯಮ ವರ್ಗದ ಮನೆಗೆ ಉಚಿತ ಕರೆಂಟ್ ಇಲ್ಲ, ಬಳಕೆ ಹೆಚ್ಚಾದಂತೆ ದರ ಏರುತ್ತಾ ಹೋಗುತ್ತದೆ, 250 ಯೂನಿಟ್ ದಾಟಿದರೆ ಇಡೀ ಬಳಕೆಗೇ ಮೇಲಿನ ದರ ಬೀಳುತ್ತದೆ. ಬಿಲ್ ನೋಡಿದವರು ತಾವಾಗಿಯೇ ಫಲಕದ ಅಂಗಡಿ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಬ್ರಹ್ಮಗಿರಿ ಕಡೆಯಿಂದ ಇಳಿಯೋ ಬಾರಾಪೊಳೆಯ ನೀರಿನಲ್ಲಿ ಅವರು 15 ಮೆಗಾವ್ಯಾಟ್ ಜಲವಿದ್ಯುತ್ ತೆಗೆಯುತ್ತಾರೆ, ಆ ನೀರು ಹರಿಯೋ ಕಾಲುವೆಯ ಮೇಲೂ ದಂಡೆಯಲ್ಲೂ ಸೋಲಾರ್ ಫಲಕ ಹಾಕಿದ್ದಾರೆ.

ಬೆಲೆ ಎಷ್ಟು ಬಲವಾಗಿ ಕೆಲಸ ಮಾಡುತ್ತದೆ ಅನ್ನೋದಕ್ಕೆ ಪಾಕಿಸ್ತಾನ ಇನ್ನೊಂದು ಉದಾಹರಣೆ. ಅಲ್ಲಿ ಕರೆಂಟ್ ದರ ತಡೆಯಲಾರದಷ್ಟು ಏರಿತು, ಚೀನಾದ ಫಲಕ ಅಗ್ಗ ಆಯಿತು, 2024ರ ಒಂದೇ ವರ್ಷದಲ್ಲಿ ಸುಮಾರು 17 ಗಿಗಾವ್ಯಾಟ್ ಫಲಕ ಆ ದೇಶಕ್ಕೆ ಬಂತು. ಸರ್ಕಾರ ಯಾವ ದೊಡ್ಡ ಯೋಜನೆಯನ್ನೂ ಮಾಡಿರಲಿಲ್ಲ.

ಇನ್ನು ನಷ್ಟ ಆಗೋ ಮೂರನೆಯವರು, ಎಸ್ಕಾಂ. ನಮ್ಮದು ಮೈಸೂರಿನ ಸೆಸ್ಕ್ ವ್ಯಾಪ್ತಿ: ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು. ನಿಗಮ ಹೇಗೆ ಬದುಕುತ್ತದೆ ನೋಡಿ. ಮೈಸೂರಿನ ಕಾರ್ಖಾನೆ, ಹೋಟೆಲ್, ದೊಡ್ಡ ಅಂಗಡಿಗಳು ಹೆಚ್ಚಿನ ದರ ಕಟ್ಟುತ್ತವೆ, ಹೊತ್ತಿಗೆ ಸರಿಯಾಗಿ ಕಟ್ಟುತ್ತವೆ. ಆ ದುಡ್ಡಿನಲ್ಲಿ ಕಡಿಮೆ ದರದವರ ಹೊರೆ ಸ್ವಲ್ಪ ಇಳಿಯುತ್ತದೆ. ಪಂಪ್‌ಸೆಟ್‌ನದ್ದೂ ಗೃಹಜ್ಯೋತಿಯದ್ದೂ ಸರ್ಕಾರದಿಂದ ಬರಬೇಕು, ಅದು ತಡವಾದರೆ ನಿಗಮ ಸಾಲ ಮಾಡಿ ಕರೆಂಟ್ ಕೊಳ್ಳಬೇಕು. ಈಗ ಮನೆ ಮೇಲೆ, ಅಂಗಡಿ ಮೇಲೆ ಫಲಕ ಹಾಕಿಸೋರು ಯಾರು? ಜಾಸ್ತಿ ಬಿಲ್ ಬರುವವರು. ಅಂದರೆ ನಿಗಮದ ಅತಿ ಒಳ್ಳೆಯ ಗಿರಾಕಿಗಳೇ ಒಬ್ಬೊಬ್ಬರಾಗಿ ಕೈ ಬಿಡುತ್ತಾರೆ. ಜೊತೆಗೆ ಅವರು ಹಗಲು ಹೊತ್ತು ತಮ್ಮ ಕರೆಂಟ್ ಲೈನಿಗೆ ಬಿಡುತ್ತಾರೆ, ಸಂಜೆ ಆರಕ್ಕೆ ಎಲ್ಲರ ಜೊತೆ ತಾವೂ ಲೈನಿನಿಂದ ಎಳೆಯುತ್ತಾರೆ. ಹಗಲಿನ ಕರೆಂಟ್ ಅಗ್ಗ, ಸಂಜೆಯದ್ದು ತುಟ್ಟಿ. ಇದೇ ಕಾರಣಕ್ಕೆ ಕೇರಳದಲ್ಲಿ 2025ರಲ್ಲಿ ನೆಟ್ ಮೀಟರಿಂಗ್ (ಲೈನಿಗೆ ಬಿಟ್ಟ ಯೂನಿಟ್‌ಗಳನ್ನು ಬಳಸಿದ ಯೂನಿಟ್‌ಗಳಿಂದ ಕಳೆಯೋ ಲೆಕ್ಕ) ನಿಯಮ ಬಿಗಿ ಮಾಡಲು ಹೊರಟರು, ಫಲಕ ಹಾಕಿದವರೆಲ್ಲ ಅದನ್ನು ಜೋರಾಗಿ ವಿರೋಧಿಸಿದರು. ಪಾಕಿಸ್ತಾನದಲ್ಲೂ ಅದೇ ವರ್ಷ ಯೂನಿಟ್‌ಗೆ 27 ಇದ್ದ ಖರೀದಿ ದರವನ್ನು ಅವರ 10 ರೂಪಾಯಿಗೆ ಇಳಿಸಲು ಸರ್ಕಾರ ಮುಂದಾಯಿತು. ಬಿಸಿಲಿಗೆ ಹೆಸರಾದ ಸ್ಪೇನ್ ಇನ್ನೂ ಮುಂದೆ ಹೋಗಿ, ಸ್ವಂತ ಫಲಕದ ಕರೆಂಟ್ ಬಳಸುವವರ ಮೇಲೆ 2015ರಲ್ಲಿ ಶುಲ್ಕ ಹಾಕಿತು. ಜನ ಅದನ್ನು ಬಿಸಿಲಿನ ತೆರಿಗೆ ಅಂತಲೇ ಕರೆದರು. ಮೂರು ವರ್ಷದ ನಂತರ, 2018ರಲ್ಲಿ, ಸರ್ಕಾರ ಬದಲಾದ ಮೇಲೆ ಅದು ಹೋಯಿತು.

ಹಾಗಾಗಿ ನಿಮ್ಮೂರಿನ ಕಚೇರಿಯಲ್ಲಿ ಸೋಲಾರ್ ಅರ್ಜಿ ನಿಧಾನ ಆದರೆ ಅದಕ್ಕೆ ಒಬ್ಬ ಕಿರಿಯ ಎಂಜಿನಿಯರ್ (ಜೆಇ) ಸೋಮಾರಿತನವೇ ಕಾರಣ ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ಆ ಸಿಬ್ಬಂದಿ ಕಂಬ ಹೊತ್ತುಕೊಂಡು ಕೆಸರಿನಲ್ಲಿ ನಡೆಯೋದನ್ನು ನಾವೆಲ್ಲ ನೋಡಿದ್ದೇವೆ. ಫಲಕ ಹಾಕೋರಿಗೆ ಬೇಗ ಮೀಟರ್ ಕೊಟ್ಟರೆ ನಿಗಮಕ್ಕೆ ಲಾಭ ಅನ್ನೋ ವ್ಯವಸ್ಥೆಯೇ ಇಲ್ಲ, ಅದೇ ತೊಂದರೆ. ಆದರೆ ನಿಮ್ಮ ಹಕ್ಕು ನಿಮಗೆ ಗೊತ್ತಿರಲಿ. 2024ರಲ್ಲಿ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಆಯಿತು. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಅಂತ ಕಾಯಿಸುವಂತಿಲ್ಲ, ಅರ್ಜಿ ಸರಿ ಇದ್ದರೆ ಒಪ್ಪಿಗೆ ಸಿಕ್ಕಂತೆಯೇ. 5 ಕಿಲೋವ್ಯಾಟ್‌ವರೆಗೆ ಲೈನ್ ಅಥವಾ ಟಿಸಿ (ಟ್ರಾನ್ಸ್‌ಫಾರ್ಮರ್) ಬಲಪಡಿಸಬೇಕಾದರೆ ಆ ಖರ್ಚು ನಿಗಮದ್ದು, ನಿಮ್ಮದಲ್ಲ. ಇದನ್ನು ಕಚೇರಿಯಲ್ಲಿ ಮೆತ್ತಗೆ ಹೇಳಿದರೂ ಸಾಕು.

ನಿಯಮ ಪದೇ ಪದೇ ಬದಲಾಗೋದು ಇನ್ನೊಂದು ದೊಡ್ಡ ಪೆಟ್ಟು. ಕರ್ನಾಟಕದಲ್ಲಿ 2013ರಲ್ಲಿ ಕೆಇಆರ್‌ಸಿ (ರಾಜ್ಯದ ವಿದ್ಯುತ್ ದರ ನಿಗದಿ ಮಾಡೋ ಆಯೋಗ) ಮನೆ ಮೇಲಿನ ಸೋಲಾರ್‌ಗೆ ನಿಗಮ ಕೊಡಬೇಕಾದ ದರ ಅಂತ ಯೂನಿಟ್‌ಗೆ 9.56 ರೂಪಾಯಿ ನಿಗದಿ ಮಾಡಿತ್ತು, ಸಬ್ಸಿಡಿ ತಗೊಂಡವರಿಗೆ 7.20. ಆಗ ಅದು ತುಂಬ ಒಳ್ಳೆಯ ದರ. ಹಳ್ಳಿಗಳಲ್ಲಿ ಜನ ಸಾಲ ಮಾಡಿ ಕೋಳಿ ಶೆಡ್ ಮೇಲೆ, ದನದ ಕೊಟ್ಟಿಗೆ ಮೇಲೆ ಫಲಕ ಹಾಕಲು ಹೊರಟರು. ಕೆಲವರು ಫಲಕಕ್ಕೋಸ್ಕರವೇ ಶೆಡ್ ಕಟ್ಟಿದರು. 2016ರಲ್ಲಿ ದರ ಇಳಿಯಿತು, ಗಡುವಿನೊಳಗೆ ಕೆಲಸ ಮುಗಿಸದವರಿಗೆ ಹಳೆ ದರ ಇಲ್ಲ ಅಂತಾಯಿತು. ದುರುಪಯೋಗ ತಡೆಯೋದು ಸರಿಯೇ. ಆದರೆ ಹಳ್ಳಿ ಬ್ಯಾಂಕಿನ ಮ್ಯಾನೇಜರ್ ಅಂಥದ್ದನ್ನು ಮರೆಯೋದಿಲ್ಲ. ಸೋಲಾರ್ ಸಾಲ ಅಂದರೆ ಈಗಲೂ ಒಂದು ಹೆಜ್ಜೆ ಹಿಂದೆ ಇಡುವವರಿದ್ದಾರೆ.

ಫಲಕದ ಬೆಲೆಯೂ ರಾಜಕೀಯದಿಂದ ಹೊರಗಿಲ್ಲ. 2022ರ ಏಪ್ರಿಲ್‌ನಿಂದ ಹೊರದೇಶದ ಫಲಕಕ್ಕೆ ಶೇ 40 ಸುಂಕ ಬಿತ್ತು. ಸೂರ್ಯಘರ್ ಸಬ್ಸಿಡಿ ಬೇಕಾದರೆ ಒಳಗಿನ ಸೆಲ್ (ಬಿಸಿಲನ್ನು ಕರೆಂಟ್ ಮಾಡೋ ಬಿಲ್ಲೆ) ಕೂಡ ಇಲ್ಲೇ ತಯಾರಾದ ಫಲಕವೇ ಆಗಬೇಕು, ಅದು ತುಸು ತುಟ್ಟಿ. ದೇಶದಲ್ಲಿ ಕಾರ್ಖಾನೆ ಬೆಳೆಯಲಿ ಅನ್ನೋ ಉದ್ದೇಶ ನನಗೂ ಒಪ್ಪಿಗೆ. ಸದ್ಯಕ್ಕೆ ಅದರ ಖರ್ಚು ಕೊಳ್ಳುವವರ ಮೇಲೆ ಬರುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಒಂದು ಸಮಾಧಾನ.

ಈಗ ಪಾವಗಡ. ನೀವು ನೋಡಿದ್ದು 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಅಲ್ಲಿ ಭೂಮಿಯನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ, ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತಗೊಂಡಿತು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಇಲ್ಲದ, ಕಡಲೆಕಾಯಿ ಕೈಕೊಟ್ಟ ಊರಿನಲ್ಲಿ ಭೂಮಿ ಇದ್ದವರಿಗೆ ಅದು ನಿಶ್ಚಿತ ಆದಾಯ. ಭೂಮಿ ಇಲ್ಲದ, ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದವರಿಗೆ ಕೂಲಿ ಹೋಯಿತು, ಗುತ್ತಿಗೆ ದುಡ್ಡಿನಲ್ಲಿ ಪಾಲೂ ಇಲ್ಲ. ಸರ್ಕಾರಗಳಿಗೆ ಇಂಥ ಪಾರ್ಕ್ ಇಷ್ಟ. ಒಂದು ಟೆಂಡರ್, ಒಂದು ಉದ್ಘಾಟನೆ, ಲೆಕ್ಕಕ್ಕೆ ಸಾವಿರಗಟ್ಟಲೆ ಮೆಗಾವ್ಯಾಟ್. ಲಕ್ಷ ಮನೆಗಳ ಮೇಲೆ ಎರಡೆರಡು ಕಿಲೋವ್ಯಾಟ್ ಹಾಕಿಸೋಕೆ ಲಕ್ಷ ಅರ್ಜಿ, ಲಕ್ಷ ಮೀಟರ್, ಲಕ್ಷ ಜಗಳ. ಆದ್ದರಿಂದಲೇ 2022ರೊಳಗೆ ಮನೆ, ಕಟ್ಟಡಗಳ ಮೇಲೆ 40 ಗಿಗಾವ್ಯಾಟ್ ಅನ್ನೋ ದೇಶದ ಗುರಿ ಬಹಳ ದೂರದಲ್ಲೇ ನಿಂತುಬಿಟ್ಟಿತು.

ಕೊಡಗಿನಲ್ಲಿ ಪಾರ್ಕ್ ಆಗೋದು ಸಾಧ್ಯವೂ ಇಲ್ಲ, ಆಗಬಾರದು ಕೂಡ. ಇಲ್ಲಿರೋದು ಕಾಡು, ಗುಡ್ಡ, ನೆರಳಿನ ಕೆಳಗಿನ ಕಾಫಿ. ಮೈಸೂರು–ಕೋಳಿಕ್ಕೋಡ್ 400 ಕೆವಿ ಲೈನ್ ದಕ್ಷಿಣ ಕೊಡಗಿನ ಮೂಲಕ ಹೋದಾಗ ಎಷ್ಟು ಸಾವಿರ ಮರ ಉರುಳಿದವು ಅಂತ ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಎಲ್ಲೋ ತಯಾರಾದ ಕರೆಂಟ್ ಇನ್ನೆಲ್ಲೋ ಹೋಗಲು ನಮ್ಮ ಮರ ಹೋಯಿತು, ನಮ್ಮ ಹಳ್ಳಿಗಳಲ್ಲಿ ಜುಲೈ ತಿಂಗಳ ಕತ್ತಲೆ ಹಾಗೇ ಉಳಿಯಿತು. ಇಂಥ ಜಿಲ್ಲೆಗೇ ಮನೆ ಮೇಲಿನ ಸೋಲಾರ್ ಅತಿ ಹೆಚ್ಚು ಒಪ್ಪುತ್ತದೆ ಅನ್ನೋದು ನನ್ನ ಗಟ್ಟಿ ನಂಬಿಕೆ. ಅದಕ್ಕೇ ಇದರ ಬಗ್ಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆದರೆ ಇಲ್ಲಿಗೇ ಅಂಟಿಕೊಂಡ ತೊಡಕುಗಳೂ ಇವೆ, ಏಜೆಂಟರು ಅವನ್ನು ಹೇಳೋದಿಲ್ಲ. ಮೊದಲನೆಯದು ಹೆಸರು. ಸಬ್ಸಿಡಿ, ಸಾಲ ಎರಡಕ್ಕೂ ಕರೆಂಟ್ ಮೀಟರ್ ಅರ್ಜಿದಾರರ ಹೆಸರಿನಲ್ಲಿರಬೇಕು, ಮನೆಯ ದಾಖಲೆ ಹೊಂದಬೇಕು. ನಮ್ಮಲ್ಲಿ ಎಷ್ಟೋ ಮನೆಗಳ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಇನ್ನೂ ಅಜ್ಜನ ಹೆಸರಿನಲ್ಲಿದೆ. ಜಮ್ಮಾ ಬಾಣೆ (ಮನೆತನಕ್ಕೆ ಪರಂಪರೆಯಿಂದ ಬಂದ ಜಂಟಿ ಹಿಡುವಳಿ) ಜಾಗವಾದರೆ ಪಹಣಿಯಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರ ಹೆಸರು, ಅವರು ತೀರಿಹೋಗಿ ಎಷ್ಟೋ ಕಾಲ ಆಗಿರುತ್ತದೆ, ಒಕ್ಕದ (ಮನೆತನದ) ಪಾಲುದಾರರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಸೈನ್ಯದಲ್ಲಿ, ಒಬ್ಬರು ಹೊರದೇಶದಲ್ಲಿ. ಎಲ್ಲರ ಸಹಿ ಕೂಡಿಸೋ ಹೊತ್ತಿಗೆ ಹುತ್ತರಿ ಕಳೆದು ಇನ್ನೊಂದು ಹುತ್ತರಿ ಬರುತ್ತದೆ. ದೆಹಲಿಯಲ್ಲಿ ಕೂತು ಮಾಡಿದ ಅರ್ಜಿ ನಮೂನೆಗೆ ಒಕ್ಕದ ಆಸ್ತಿ ಅಂದರೆ ಏನು ಅಂತ ಗೊತ್ತಿಲ್ಲ. ಸೋಲಾರ್‌ಗೆ ಮಾತ್ರ ಅಲ್ಲ, ಕೊಡಗಿನ ರೈತರಿಗೆ ಬೆಳೆ ಸಾಲದಿಂದ ಹಿಡಿದು ಎಲ್ಲದಕ್ಕೂ ಇದು ಕಾಡುತ್ತದೆ. ವಿದ್ಯುತ್ ಇಲಾಖೆಯಿಂದ ಇದು ಬಗೆಹರಿಯೋದಿಲ್ಲ, ಕಂದಾಯ ಇಲಾಖೆಯೇ ಸರಿ ಮಾಡಬೇಕು.

ಎರಡನೆಯದು ಕಂತು. ಸಬ್ಸಿಡಿ ಬರೋದು ಕೆಲಸ ಮುಗಿದ ಮೇಲೆ, ಮೊದಲು ಪೂರ್ತಿ ದುಡ್ಡು ಹೊಂದಿಸಬೇಕು. ಸೂರ್ಯಘರ್‌ನಲ್ಲಿ 2 ಲಕ್ಷದವರೆಗೆ ಅಡಮಾನ ಇಲ್ಲದ ಸಾಲ ಇದೆ, ಬಡ್ಡಿಯೂ ಕಡಿಮೆ, ಆದರೆ ಕಂತು ತಿಂಗಳು ತಿಂಗಳು. ಕಾಫಿ ದುಡ್ಡು ಬರೋದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಮಾರಿದಾಗ. ಆಗಸ್ಟ್‌ನಲ್ಲಿ ಕಂತು ಕಟ್ಟು ಅಂದರೆ ಎಲ್ಲಿಂದ ತರೋದು? ಈ ಸಣ್ಣ ವಿಷಯವನ್ನು ಕರ್ನಾಟಕದಲ್ಲಿ ಮೊದಲು ಅರ್ಥ ಮಾಡಿಕೊಂಡವರು ಸೋಲಾರ್ ದೀಪ ಹಾಕಿಸೋ ಸೆಲ್ಕೋ ಕಂಪನಿಯ ಹರೀಶ್ ಹಂದೆ. 1995ರಲ್ಲಿ ಶುರುವಾದ ಸಂಸ್ಥೆ ಅದು, 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದುಡಿಮೆಯ ದುಡ್ಡು ಹೇಗೆ ಬರುತ್ತದೋ ಹಾಗೆ ಸಾಲದ ಕಂತು ಇರಬೇಕು ಅಂತ ಅವರು ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿದ್ದರಿಂದ ಬಡವರ ಮನೆಗೂ ಸೋಲಾರ್ ದೀಪ ಹೋಯಿತು. ನಿಮ್ಮ ಸಹಕಾರ ಸಂಘದಲ್ಲಿ ವರ್ಷಕ್ಕೊಮ್ಮೆ, ಮಾರ್ಚ್-ಏಪ್ರಿಲ್‌ನಲ್ಲಿ ತೀರಿಸೋ ಸಾಲ ಕೊಡುತ್ತಾರಾ ಅಂತ ಒಮ್ಮೆ ಕೇಳಿ.

ಮೂರನೆಯದನ್ನು ದಯವಿಟ್ಟು ಗಮನ ಇಟ್ಟು ಓದಿ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕೋದು ಆನ್‌ಗ್ರಿಡ್ ಸೋಲಾರ್, ಅಂದರೆ ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸಿದ್ದು. ಲೈನಿನಲ್ಲಿ ಕರೆಂಟ್ ಹೋದರೆ ಅದು ತಾನಾಗಿ ನಿಂತುಬಿಡುತ್ತದೆ, ಹೊರಗೆ ಎಷ್ಟೇ ಬಿಸಿಲಿದ್ದರೂ. ಹಾಗೆ ನಿಲ್ಲದಿದ್ದರೆ ಕಂಬ ಹತ್ತಿರೋ ಲೈನ್‌ಮ್ಯಾನ್ ಜೀವಕ್ಕೆ ಅಪಾಯ, ಆ ವ್ಯವಸ್ಥೆ ಇರಲೇಬೇಕು. ಆದರೆ ಮರ ಬಿದ್ದು ವಾರಗಟ್ಟಲೆ ಕರೆಂಟ್ ಇಲ್ಲದ ಕೊಡಗಿನಲ್ಲಿ ಜನ ಸೋಲಾರ್ ಹಾಕಿಸೋದೇ ಕತ್ತಲೆ ತಪ್ಪಲಿ ಅಂತ. ಹಾಕಿಸಿದ ಮೊದಲ ಮಳೆಗಾಲದಲ್ಲೇ ಮನೆ ಕತ್ತಲಾದಾಗ "ಮೋಸ ಆಯಿತು" ಅನ್ನುತ್ತಾರೆ, ಆ ಮಾತು ಊರೆಲ್ಲ ಹರಡುತ್ತದೆ, ಹತ್ತು ಮನೆಯವರು ಬೇಡ ಅನ್ನುತ್ತಾರೆ. ಕತ್ತಲೆ ತಪ್ಪಬೇಕಾದರೆ ಲೈನಿಗೂ ಬ್ಯಾಟರಿಗೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು. ಅದಕ್ಕೆ ಲಕ್ಷದ ಆಸುಪಾಸು ಜಾಸ್ತಿ ಆಗುತ್ತದೆ. ಬ್ಯಾಟರಿಗೆ ಅಂತ ಸಬ್ಸಿಡಿ ಏರೋದಿಲ್ಲ. ಬಯಲುಸೀಮೆಯ ಮನೆಗೂ ಮಡಿಕೇರಿಯ ಮನೆಗೂ ಒಂದೇ ಅಳತೆಯ ಯೋಜನೆ ಮಾಡಿದರೆ ಹೀಗೇ ಆಗೋದು. ಮಲೆನಾಡು, ಕೊಡಗಿಗೆ ಬ್ಯಾಟರಿ ಸೇರಿಸಿದ ಪ್ರತ್ಯೇಕ ಸಹಾಯ ಕೊಡಿ ಅಂತ ನಾವು ಶಾಸಕರ ಹತ್ತಿರ ಕೇಳಬೇಕು. ರಸ್ತೆ, ಸೇತುವೆ ಕೇಳಿದ ಹಾಗೆ ಇದನ್ನು ಯಾರೂ ಕೇಳುತ್ತಿಲ್ಲ.

ತೋಟದ ಪಂಪಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೇರೆ ರೈತರ 10 ಎಚ್‌ಪಿ ಪಂಪಿಗೆ ಉಚಿತ ಕರೆಂಟ್ ಸಿಕ್ಕಾಗ ಕಾಫಿ ಬೆಳೆಗಾರರು ಅದರಿಂದ ಹೊರಗುಳಿದರು. ಆಮೇಲೆ ಮೊದಲು ಬಿಲ್ ಕಟ್ಟಿ, ನಂತರ ಖಾತೆಗೆ ವಾಪಸ್ ಅನ್ನೋ ಕ್ರಮ ಬಂತು, ಬಾಕಿ ಬಿಲ್ಲಿನ ಜಗಳ ಮುಂದುವರಿಯಿತು. ನಮ್ಮ ಬೆಳೆಗಾರರ ಒತ್ತಾಯ ಪೂರ್ತಿ ಉಚಿತ ಕರೆಂಟಿನ ಮೇಲೇ ನಿಂತಿದೆ, ಸೋಲಾರ್ ಪಂಪಿನ ಕಡೆ ತಿರುಗಿಲ್ಲ. ಅದಕ್ಕೊಂದು ನ್ಯಾಯವಾದ ಕಾರಣವೂ ಇದೆ. ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಕೇಂದ್ರ ಶೇ 30, ರಾಜ್ಯ ಶೇ 50 ಕೊಡುತ್ತದೆ, ರೈತರ ಪಾಲು ಶೇ 20. ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ 7.5 ಎಚ್‌ಪಿವರೆಗಿನದು. ನಿಮ್ಮ 8 ಎಕರೆಗೆ ಹೂವಿನ ನೀರು (ಕಾಫಿ ಹೂ ಅರಳಲು ಸ್ಪ್ರಿಂಕ್ಲರ್ ಜೆಟ್‌ನಲ್ಲಿ ಕೊಡೋ ನೀರು) ಒಂದೂವರೆ ಇಂಚು ಕೊಡಬೇಕಾದರೆ 12 ಲಕ್ಷ ಲೀಟರ್ ಬೇಕು, ಅದೂ ಫೆಬ್ರವರಿ-ಮಾರ್ಚ್‌ನಲ್ಲಿ ಕೆಲವೇ ದಿನದೊಳಗೆ, ಜೆಟ್ ತಿರುಗೋ ಒತ್ತಡದಲ್ಲಿ, ಗುಡ್ಡ ಏರಿಸಿ. ಸಣ್ಣ ಸೋಲಾರ್ ಪಂಪಿಗೆ ಅದು ಆಗದ ಕೆಲಸ. ಒಂದು ಮೋಡ ಬಂದರೆ ಒತ್ತಡ ಬೀಳುತ್ತದೆ, ಹೂವಿನ ನೀರು ಅರ್ಧಕ್ಕೆ ನಿಂತರೆ ವರ್ಷದ ಫಸಲು ಹಾಳು. ನಿಮ್ಮಲ್ಲಿ ಡೀಸೆಲ್ ಪಂಪ್ ಇದ್ದರೆ ಅದನ್ನು ಈಗಲೇ ಮಾರಬೇಡಿ. ಕೆಳಗಿನ ತೋಡಿನಿಂದ ಮೇಲಿನ ಕೆರೆಗೆ ಡಿಸೆಂಬರ್‌ನಿಂದ ನಿಧಾನವಾಗಿ ನೀರು ಏರಿಸಿ ತುಂಬಿಸೋಕೆ, ಕರಿಮೆಣಸಿನ ಬಳ್ಳಿಗೆ ಹನಿ ನೀರಾವರಿಗೆ ಸೋಲಾರ್ ಪಂಪ್ ಬಹಳ ಒಳ್ಳೇದು.

ಹಾಡಿಗಳ (ಆದಿವಾಸಿ ಕೇರಿಗಳ) ಬಗ್ಗೆ ಹೇಳದೆ ಮುಂದೆ ಹೋಗೋಕೆ ಮನಸ್ಸಾಗುತ್ತಿಲ್ಲ. ನಾಗರಹೊಳೆ ಅಂಚಿನ ಜೇನುಕುರುಬರ, ಯರವರ ಹಾಡಿಗಳಲ್ಲಿ ಎಷ್ಟೋ ಕಡೆ ಕಂಬ ಹೋಗಿಲ್ಲ, ಕಾಡಿನ ಅನುಮತಿ ಸಿಗೋದಿಲ್ಲ ಅನ್ನುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಶಿಫಾರಸು ಮಾಡಿದರೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗದಲ್ಲಿ ವಿದ್ಯುತ್ ಲೈನಿಗೂ ಅವಕಾಶ ಇದೆ, ಸೋಲಾರ್‌ನಂಥ ವ್ಯವಸ್ಥೆಗೂ ಇದೆ. ಕೊಡೋ ಮನಸ್ಸು ಬೇಕು ಅಷ್ಟೆ. ಜೇನುಕುರುಬರಂಥ ಸಮುದಾಯಗಳಿಗೆ 2023ರಲ್ಲಿ ಶುರುವಾದ ಪಿಎಂ ಜನಮನ್ ಯೋಜನೆಯಲ್ಲಿ ಮನೆಗೆ 50,000 ರೂಪಾಯಿವರೆಗೆ, 0.3 ಕಿಲೋವ್ಯಾಟ್‌ನ ಸೋಲಾರ್ ಇದೆ. ದೀಪ, ಫ್ಯಾನ್, ಮೊಬೈಲ್‌ಗೆ ಸಾಕು. ತೊಂದರೆ ಬರೋದು ಹಾಕಿದ ದಿನ ಅಲ್ಲ, ಬ್ಯಾಟರಿ ಸಾಯೋ ದಿನ. ಹೊಸ ಬ್ಯಾಟರಿಗೆ ದುಡ್ಡು ಇಟ್ಟಿರೋದಿಲ್ಲ, ರಿಪೇರಿ ಗೊತ್ತಿರೋ ಹುಡುಗ ಹಾಡಿಯಲ್ಲಿರೋದಿಲ್ಲ. ಹಾಡಿಯ ಇಬ್ಬರು ಹುಡುಗರಿಗೆ ತರಬೇತಿ ಕೊಟ್ಟು ಸಂಬಳ ಕೊಟ್ಟರೆ ಆ ದೀಪ ಉರಿಯುತ್ತಾ ಇರುತ್ತದೆ. ಸೋಲಾರ್ ಬೇಲಿಯನ್ನು ಇಷ್ಟು ಕಾಲ ನಡೆಸಿಕೊಂಡು ಬಂದ ಜಿಲ್ಲೆ ನಮ್ಮದು, ಫಲಕ, ಬ್ಯಾಟರಿ ನಮಗೆ ಹೊಸದೇನಲ್ಲ.

ಈಗ ನಿಮ್ಮ ಮನೆ. ದೊಡ್ಡ ಮನೆಯ ಮೀಟರ್‌ಗೆ ಸದ್ಯ ಬೇಡ. ಬಿಲ್ ಸೊನ್ನೆ ಬರುತ್ತಿದೆ, ಹಳೆ ಹೆಂಚಿನ ಮೇಲೆ ಚೌಕಟ್ಟು ಕೂರಿಸೋದೂ ಕಷ್ಟ, ಆಷಾಢದ ಗಾಳಿಗೆ ಅದು ತಡೆಯಬೇಕು. ಮಾವ ಹೇಳಿದ್ದು ಆ ಮಟ್ಟಿಗೆ ಸರಿ. ಹೋಂಸ್ಟೇ ಮೀಟರ್ ಬೇರೆ ಮಾತು. ಅದರ ಒಂದು ವರ್ಷದ ಬಿಲ್ ತೆಗೆದಿಟ್ಟುಕೊಳ್ಳಿ. ಗೃಹಬಳಕೆ ದರದಲ್ಲಿದ್ದು ತಿಂಗಳಿಗೆ 300 ಯೂನಿಟ್ ಹತ್ತಿರ ಹೋಗುತ್ತಿದ್ದರೆ 3 ಕಿಲೋವ್ಯಾಟ್ ಹಾಕಿಸಿ. ಖರ್ಚು 1.9 ಲಕ್ಷದ ಆಸುಪಾಸು, ಸಬ್ಸಿಡಿ 78,000, ನಿಮ್ಮ ಕೈಯಿಂದ 1.1 ಲಕ್ಷ. ಮಳೆಗಾಲ ಕಳೆದು ವರ್ಷಕ್ಕೆ 3,300 ಯೂನಿಟ್ ಹಿಡಿದರೂ, ಯೂನಿಟ್‌ಗೆ 6 ರೂಪಾಯಿ ಲೆಕ್ಕದಲ್ಲಿ 20,000 ಹತ್ತಿರ ಉಳಿಯುತ್ತದೆ. ಐದಾರು ವರ್ಷದಲ್ಲಿ ಹಾಕಿದ್ದು ವಾಪಸ್. ಫಲಕಕ್ಕೆ 25 ವರ್ಷದ ಗ್ಯಾರಂಟಿ ಇರುತ್ತದೆ, ಇನ್ವರ್ಟರ್ ಮಾತ್ರ ಮಧ್ಯದಲ್ಲಿ ಒಮ್ಮೆ ಬದಲಾಯಿಸಬೇಕಾಗಬಹುದು. ಮೀಟರ್ ವಾಣಿಜ್ಯ ದರದಲ್ಲಿದ್ದರೆ ಸಬ್ಸಿಡಿ ಸಿಗೋದಿಲ್ಲ, ಆದರೆ ಯೂನಿಟ್ ದರ ಜಾಸ್ತಿ ಇರೋದರಿಂದ ಎಂಟು ವರ್ಷದೊಳಗೆ ದುಡ್ಡು ಹುಟ್ಟುತ್ತದೆ. ಬಳಕೆಗಿಂತ ದೊಡ್ಡದು ಹಾಕಿಸಿ ಮಾರಿ ದುಡ್ಡು ಮಾಡಿ ಅಂತ ಏಜೆಂಟ್ ಹೇಳಿದರೆ ಒಪ್ಪಬೇಡಿ, ಹೆಚ್ಚುವರಿ ಯೂನಿಟ್‌ಗೆ ನಿಗಮ ಕೊಡೋ ದರ ನೀವು ಕಟ್ಟೋ ದರಕ್ಕಿಂತ ಬಹಳ ಕಡಿಮೆ. ಬಿಲ್ ಪೂರ್ತಿ ಸೊನ್ನೆ ಆಗೋದೂ ಇಲ್ಲ, ನಿಗದಿತ ಶುಲ್ಕ ಇದ್ದೇ ಇರುತ್ತದೆ.

ದಕ್ಷಿಣದ ಕಡೆ ಸಿಲ್ವರ್ ಓಕ್ ನೆರಳು ಬೀಳುತ್ತಾ ಅಂತ ಡಿಸೆಂಬರ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ನಿಂತು ನೋಡಿ. ಒಂದು ಫಲಕದ ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟ್ ಇಳಿಯುತ್ತದೆ. ಕೊಂಬೆ ಸವರಿದರೆ ಸಾಕಾದರೆ ಮರ ಕಡಿಯಲು ಹೋಗಬೇಡಿ. ಆಮೇಲೆ ಆ ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ ನೋಡಿ, ನಿಮ್ಮ ಯಜಮಾನರ ಹೆಸರಿಗೆ ಬಂದಿಲ್ಲದಿದ್ದರೆ ಆ ಕೆಲಸ ಮೊದಲು ಮುಗಿಸಿ. ಬ್ಯಾಟರಿ ಈಗಲೇ ಬೇಡ ಅನಿಸಿದರೂ ಇನ್ವರ್ಟರ್ ಮಾತ್ರ ಹೈಬ್ರಿಡ್ಡೇ ಕೇಳಿ, ಮುಂದೆ ಕಾಫಿ ದುಡ್ಡು ಬಂದಾಗ ಬ್ಯಾಟರಿ ಸೇರಿಸಿಕೊಳ್ಳಬಹುದು. ಅರ್ಜಿಯನ್ನು ಸೂರ್ಯಘರ್ ಪೋರ್ಟಲ್‌ನಲ್ಲಿ ನೀವೇ ಹಾಕಿ, ಅಲ್ಲಿ ನೋಂದಾಯಿಸಿದ ಗುತ್ತಿಗೆದಾರರಿಂದ ಎರಡು ಮೂರು ದರಪಟ್ಟಿ ತರಿಸಿ. ಸಬ್ಸಿಡಿ ನೇರ ನಿಮ್ಮ ಖಾತೆಗೇ ಬರಬೇಕು. ಕೊಯ್ಲು ಮುಗಿದ ಕೂಡಲೇ ಶುರು ಮಾಡಿದರೆ ಮೇ ಒಳಗೆ ಮೀಟರ್ ಕೂತಿರುತ್ತದೆ, ಜೂನ್ ಹಿಡಿದರೆ ಗುತ್ತಿಗೆದಾರರ ಹುಡುಗರು ಮನೆ ಮೇಲೆ ಹತ್ತೋದೇ ಇಲ್ಲ.